ಯಾವ ಮರಕ್ಕೆ ಯಾವ ಅಂಟು?

ಬೆಳಗಾವಿ ಜಿಲ್ಲೆಯವರ ಮುಂದೆ ಅಂಟು ಎಂಬ ಮಾತೆತ್ತಿದರೆ ಅವರಿಗೆ ಮೊದಲು ನೆನಪಾಗುವುದು ಬಡಿಗೇರನ ಕಮ್ಮಟವಲ್ಲ, ಮಿಠಾಯಿಯ ಅಂಗಡಿ. ಗೋಕಾಕದ ಕರದಂಟು ಎಂದರೆ ಕರಿದ ಅಂಟು. ಬಾಣಂತಿಗೆ ಕೊಡುವ ಅಂಟಿನುಂಡಿಯಲ್ಲಿಯೂ ಅದೇ ಮರದ ಗೋಂದು, ಅದೇ ತುಪ್ಪ, ಅದೇ ಬೆಲ್ಲ. ತಿನ್ನುವ ಅಂಟಿಗೆ ಇಷ್ಟೊಂದು ಮರ್ಯಾದೆ ಇರುವ ನಾಡಿನಲ್ಲಿ, ಮನೆಯ ಮರಮುಟ್ಟುಗಳನ್ನು ಹಿಡಿದು ನಿಲ್ಲಿಸುವ ಅಂಟಿನ ಕಡೆಗೆ ಯಾರೂ ಕಣ್ಣೆತ್ತಿ ನೋಡದಿರುವುದು ಸೋಜಿಗವೇ ಸರಿ. ಮನೆಗೆ ಹೊಸ ಕಪಾಟು ಬಂದರೆ ಮರ ಯಾವುದು, ಬೆಲೆ ಎಷ್ಟು, ಬಣ್ಣ ಹೊಂದೀತೇ ಎಂದು ಕೇಳುತ್ತೇವೆ. ಅಂಟು ಯಾವುದು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಆದರೆ ಇಂದಿನ ಎಷ್ಟೋ ಕಪಾಟುಗಳಲ್ಲಿ ಕಣ್ಣಿಗೆ ಕಾಣುವ ತೇಗ, ಬೀಟೆಗಳೆಲ್ಲ ಸುಮಾರು ಅರ್ಧ ಮಿಲಿಮೀಟರು ದಪ್ಪದ ಹೊದಿಕೆ ಮಾತ್ರ. ಆ ಹೊದಿಕೆಗೂ ಒಳಗಿನ ಹಲಗೆಗೂ ಇರುವ ನಂಟು ಅಂಟಿನದೊಂದೇ. ಅದು ಬಿಟ್ಟರೆ ಕಪಾಟಿನ ಸೌಂದರ್ಯವೆಲ್ಲ ಹಪ್ಪಳದಂತೆ ಎದ್ದು ಬರುತ್ತದೆ.

ನಾನು ಕನ್ನಡ ಪಾಠ ಹೇಳುವವನು; ಉಳಿ ಬಾಚಿ ಹಿಡಿದವನಲ್ಲ. ನನ್ನನ್ನು ಈ ವಿಷಯಕ್ಕೆ ಎಳೆದು ತಂದುದು ಒಂದು ಶಬ್ದ. ಪ್ರಾಣಿಗಳ ತೊಗಲು ಮೂಳೆಗಳನ್ನು ಕಾಯಿಸಿ ತೆಗೆದ ಬಡಗಿಯ ಅಂಟಿಗೆ ಉತ್ತರದ ಕಡೆ ಸರಸು ಅಥವಾ ಸರೇಸು ಎನ್ನುತ್ತಾರೆ. ಇದು ಪಾರಸಿಯಿಂದ ಬಂದ ಮಾತು. ಹಳೆಯ ಮೈಸೂರಿನ ಕಡೆ ಅದಕ್ಕೇ ವಜ್ರ ಎಂದೂ ಮರವಜ್ರ ಎಂದೂ ಹೆಸರು. ಕಂದುಬಣ್ಣದ, ಮೂಗು ಮುಚ್ಚಿಕೊಳ್ಳುವಂತೆ ನಾರುವ ಒಂದು ಪದಾರ್ಥಕ್ಕೆ ವಜ್ರದ ಹೆಸರೇಕೆ ಬಂತು? ಉಂಗುರದ ಹರಳಿಗೂ ಇದಕ್ಕೂ ಏನು ಸಂಬಂಧ? ಈ ಹೆಸರಿನ ಹಿಂದೆ ವಜ್ರಲೇಪವೆಂಬ ಹಳೆಯ ಶಾಸ್ತ್ರದ ಮಾತು ಇದೆ. ಅದನ್ನು ಹಿಡಿದು ಹೊರಟರೆ ಹದಿನಾಲ್ಕು ಹದಿನೈದು ನೂರು ವರ್ಷಗಳ ಕಥೆ ಬಿಚ್ಚಿಕೊಳ್ಳುತ್ತದೆ. ಬಿಗಿಯಾಗಿ ಹಿಡಿಯುವ ಅಂಟೇ ಒಳ್ಳೆಯ ಅಂಟು ಎಂದು ನಾವು ನಂಬಿದ್ದೇವೆ. ಆ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಈ ಕಥೆಯೇ ತಿಳಿಸುತ್ತದೆ.

ಮೊದಲು ಕೆಲಸ ಏನೆಂಬುದನ್ನು ತಿಳಿದುಕೊಳ್ಳೋಣ. ನಮ್ಮ ಹಳೆಯ ಮನೆಗಳ ಬಾಗಿಲುವಾಡ, ಕಂಬ, ತೊಲೆಗಳಿಗೆ ಅಂಟಿನ ಹಂಗಿಲ್ಲ. ಒಂದು ಮರದಲ್ಲಿ ತೂತು ಕೊರೆದು, ಇನ್ನೊಂದರ ತುದಿಯನ್ನು ಅದಕ್ಕೆ ಹೊಂದುವಂತೆ ಕೆತ್ತಿ, ಕೂಡಿಸಿ, ಅಡ್ಡಕ್ಕೆ ಮರದ ಮೊಳೆ ಬಡಿದರೆ ಮುಗಿಯಿತು. ಆದರೆ ಬೆಲೆಯುಳ್ಳ ಮರವನ್ನು ತೆಳ್ಳಗೆ ಹೆರೆದು ಸಾಧಾರಣ ಮರದ ಮೇಲೆ ಹೊದಿಸುವ ಕೆಲಸದಲ್ಲಿ, ಅಂದರೆ ಈಗಿನವರು ವೆನೀರ್ ಎನ್ನುವ ಕೆಲಸದಲ್ಲಿ, ಮೊಳೆಗೆ ಜಾಗವಿಲ್ಲ. ಒಂದಂಗುಲ ದಪ್ಪದ ಒಂದು ಬೀಟೆಯ ಹಲಗೆಯಿಂದ ಒಂದು ಮೇಜಿನ ಮೈಯಾದರೆ, ಅಷ್ಟೇ ಮರವನ್ನು ಹಾಳೆಗಳಾಗಿ ಹೆರೆದು ಹತ್ತಾರು ಮೇಜುಗಳಿಗೆ ಹೊದಿಸಬಹುದು. ಇದು ಯಂತ್ರಯುಗದ ಜಾಣತನವೆಂದು ತಿಳಿಯಬಾರದು. ಈಜಿಪ್ಟಿನ ಥೀಬ್ಸ್ ನಗರದಲ್ಲಿ ರೆಖ್ಮಿರೆ ಎಂಬ ಮಂತ್ರಿಯ ಗೋರಿಯಿದೆ. ಕ್ರಿಸ್ತಪೂರ್ವ 15ನೆಯ ಶತಮಾನದ್ದು. ಅದರ ಗೋಡೆಯ ಚಿತ್ರಗಳಲ್ಲಿ ಬಡಗಿಗಳು ತೆಳುಹಲಗೆ ಹೊದಿಸುತ್ತಿದ್ದಾರೆ. ಪಕ್ಕದಲ್ಲಿಯೇ ಒಲೆಯ ಮೇಲೆ ಅಂಟಿನ ಗಡಿಗೆ ಕಾಯುತ್ತಿದೆ. ಹೊದಿಕೆಯ ಕಲೆಯೂ ಬಿಸಿ ಅಂಟೂ ಒಟ್ಟಿಗೇ ಬೆಳೆದವೆಂದಾಯಿತು.

ಇನ್ನು ಅಂಟಿನ ಆಯ್ಕೆ. ಈ ಪ್ರಶ್ನೆಯನ್ನು ಪುಸ್ತಕದಲ್ಲಿ ಕೇಳುವುದಕ್ಕಿಂತ ಒಂದು ಊರಿನಲ್ಲಿ ನಿಂತು ಕೇಳಿದರೆ ಅದರ ಮುಖಗಳೆಲ್ಲ ಕಾಣುತ್ತವೆ. ನಿಪ್ಪಾಣಿ ತಾಲ್ಲೂಕಿನ ಭೋಜ ಅಂಥ ಊರು. ಸಹ್ಯಾದ್ರಿಯಿಂದ ಇಳಿದು ಬಂದ ವೇದಗಂಗೆ ಮತ್ತು ದೂಧಗಂಗೆಗಳು ಇಲ್ಲಿ ಕೂಡುತ್ತವೆ. ಕೂಡಿದ ನೀರು ಮುಂದೆ ಕೃಷ್ಣೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ಕಾರದಗಾ–ಭೋಜ ಸೇತುವೆ ಮುಳುಗಿತೆಂಬ ಸುದ್ದಿ ಪತ್ರಿಕೆ ಓದುವವರಿಗೆ ಹೊಸದಲ್ಲ. ಇದು ನೀರಿನ ಮುಖ. 20ನೆಯ ಶತಮಾನದಲ್ಲಿ ದಿಗಂಬರ ಮುನಿಮಾರ್ಗಕ್ಕೆ ಮತ್ತೆ ಜೀವ ತುಂಬಿದ ಆಚಾರ್ಯ ಶಾಂತಿಸಾಗರ ಮಹಾರಾಜರ ಮನೆತನ ಈ ಭೋಜದ್ದು. 1872ರಲ್ಲಿ ಹುಟ್ಟಿ, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ ಮಹನೀಯರು ಅವರು. ಇದು ಅಹಿಂಸೆಯ ಮುಖ. ಸುತ್ತಲಿನ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿಗಳು ಕೊಲ್ಹಾಪುರಿ ಚಪ್ಪಲಿಯ ನಾಡು. ಇದು ತೊಗಲಿನ ಮುಖ. ಗಡಿ ದಾಟಿ ಸ್ವಲ್ಪ ಹೋದರೆ ಮಿರಜ. ಸಿತಾರ ತಂಬೂರಿಗಳನ್ನು ಮಾಡುವ ಊರು. ಇದು ನಾದದ ಮುಖ. ನೀರು, ಅಹಿಂಸೆ, ತೊಗಲು, ನಾದ ಈ ನಾಲ್ಕೂ ಅಂಟಿನ ವಿಚಾರದಲ್ಲಿ ಒಂದೊಂದು ಪ್ರಶ್ನೆ ಹಾಕುತ್ತವೆ.

ಶಾಸ್ತ್ರದಿಂದಲೇ ಆರಂಭಿಸುವುದಾದರೆ, 6ನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಮಳೆ ಬೆಳೆ ಗ್ರಹಣಗಳನ್ನು ಹೇಳುವ ಗ್ರಂಥದಲ್ಲಿ ಅಂಟಿಗೂ ಜಾಗ ಸಿಕ್ಕಿದೆ! ಮೊದಲನೆಯ ಪಾಕ ಪೂರ್ತಿ ಗಿಡಮರಗಳದ್ದು. ಎಳೆಯ ತೂಬರೆಕಾಯಿ, ಬೇಲದ ಕಾಯಿ, ಬೂರುಗದ ಹೂವು, ಬಜೆ ಮೊದಲಾದುವನ್ನು ಒಂದು ದ್ರೋಣ ನೀರಿನಲ್ಲಿ ಕುದಿಸಿ, ಎಂಟರಲ್ಲಿ ಒಂದು ಪಾಲು ಉಳಿಯುವಂತೆ ಬತ್ತಿಸಿ, ಗುಗ್ಗುಳ, ಕೇರುಬೀಜ, ರಾಳ, ಅಗಸೆ, ಬಿಲ್ವಗಳನ್ನು ಅರೆದು ಸೇರಿಸಬೇಕು. ಗುಡಿ, ಮಾಳಿಗೆ, ಗವಾಕ್ಷ, ಲಿಂಗ, ಪ್ರತಿಮೆ, ಗೋಡೆ, ಬಾವಿಗಳಿಗೆ ಇದನ್ನು ಬಿಸಿಯಾಗಿಯೇ ಬಳಿದರೆ ಸಾವಿರ ಹತ್ತುಸಾವಿರ, ಎಂದರೆ ಒಂದು ಕೋಟಿ ವರ್ಷ ಬಾಳುತ್ತದೆಂದು ಆತನ ಭರವಸೆ. ಇಂದಿನ ಜಾಹೀರಾತಿನವರೂ ಇಷ್ಟು ಧೈರ್ಯ ಮಾಡಲಾರರು. ಅದೇ ಅಧ್ಯಾಯದಲ್ಲಿ ಬೇರೊಂದು ಪಾಕವಿದೆ: ದನ, ಎಮ್ಮೆ, ಆಡುಗಳ ಕೊಂಬು, ಕತ್ತೆಯ ಕೂದಲು, ಎಮ್ಮೆಯ ತೊಗಲು, ಇವಕ್ಕೆ ಬೇವು ಮತ್ತು ಬೇಲದ ರಸ. ಇದರ ಹೆಸರು ವಜ್ರತರ. ವಜ್ರಕ್ಕಿಂತಲೂ ಮಿಗಿಲು ಎಂಬ ಅರ್ಥ. ಗಿಡದ ಅಂಟು, ಪ್ರಾಣಿಯ ಅಂಟು ಎಂಬ ಎರಡು ದಾರಿಗಳೂ ಅಂದಿಗೇ ತೆರೆದಿದ್ದವು. ಎರಡರಲ್ಲಿ ಯಾವುದು ಹೆಚ್ಚು ಗಟ್ಟಿ ಎಂಬ ತೀರ್ಪು ಹೆಸರಿನಲ್ಲಿಯೇ ಇದೆ. ಪ್ರಾಣಿಯ ಅಂಟಿಗೆ ಬೇವು ಏಕೆ ಬೇಕಾಯಿತೆಂದು ಯೋಚಿಸಿದರೆ, ಅದು ಕೊಳೆಯದಿರಲೆಂದು ಹಾಕಿರಬೇಕೆಂದು ನನಗೆ ತೋರುತ್ತದೆ. ಹಾಗಿದ್ದರೆ ಬೂಷ್ಟು ಹಿಡಿಯುವ ಈ ಅಂಟಿನ ದೋಷವೂ ಅವರಿಗೆ ತಿಳಿದಿತ್ತೆಂದಾಯಿತು.

ನಮ್ಮ ನಾಡಿನ ಸಾಕ್ಷ್ಯ ಇನ್ನೂ ಸ್ಪಷ್ಟವಾಗಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರಲ್ಲಿ ರಚಿಸಿದ ಮಾನಸೋಲ್ಲಾಸವು ರಾಜ್ಯಭಾರದಿಂದ ಅಡಿಗೆಯವರೆಗೆ ಎಲ್ಲವನ್ನೂ ಹೇಳುವ ವಿಶ್ವಕೋಶ. ಚಿತ್ರಕಲೆಯ ಭಾಗದಲ್ಲಿ ವಜ್ರಲೇಪ ಮಾಡುವ ಕ್ರಮ ಬರುತ್ತದೆ. ಹೊಸ ಎಮ್ಮೆತೊಗಲನ್ನು ನೀರಿನಲ್ಲಿ ಬೆಣ್ಣೆಯಂತೆ ಮೆತ್ತಗಾಗುವವರೆಗೆ ಬೇಯಿಸಬೇಕು. ಅದನ್ನು ಕಡ್ಡಿಗಳಾಗಿ ಮಾಡಿ ಬಿಸಿಲಿನಲ್ಲಿ ಒಣಗಿಸಿಡಬೇಕು. ಬೇಕಾದಾಗ ಮಣ್ಣಿನ ಪಾತ್ರೆಯಲ್ಲಿ ನೀರು ಹಾಕಿ ಕಾಯಿಸಿದರೆ ಕರಗುತ್ತದೆ. ಗೋಡೆಯ ಮೇಲೆ ಚಿತ್ರ ಬರೆಯುವ ಮುನ್ನ ಬಿಳಿಯ ಮಣ್ಣಿನೊಡನೆ ಕಲಸಿ ಬಳಿಯುವುದಕ್ಕೆ ಇದು ಬೇಕಾಗುತ್ತಿತ್ತು. ಈ ಕ್ರಮದಲ್ಲಿ ಒಂದು ಮಾತನ್ನೂ ಬದಲಿಸದೆ ಇಂದಿನ ಸರೇಸಿಗೂ ಹೇಳಬಹುದು. ಒಣಗಿದ ಕಡ್ಡಿ ಅಥವಾ ಹರಳು, ತಣ್ಣೀರಿನಲ್ಲಿ ನೆನೆ, ಬಳಿಕ ಕಾವು. ಕಾವು ಸುಮಾರು 60 ಡಿಗ್ರಿ ಸೆಲ್ಸಿಯಸ್ ಇರಬೇಕು. ಕರಗಿಸುವಾಗ ಕುದಿ ಬಂದರೆ ಅಂಟಿನ ಬಲ ಹೋಗುತ್ತದೆ. ಆದುದರಿಂದಲೇ ಬಡಗಿಗಳು ಅಂಟಿನ ಪಾತ್ರೆಯನ್ನು ನೇರವಾಗಿ ಬೆಂಕಿಗಿಡದೆ ಬಿಸಿನೀರಿನ ಪಾತ್ರೆಯೊಳಗೆ ಇಳಿಸುತ್ತಾರೆ.

ಹೊದಿಕೆಯ ಕೆಲಸಕ್ಕೆ ಈ ಅಂಟು ಹೇಳಿ ಮಾಡಿಸಿದಂಥದು. ಬಿಸಿಯಾಗಿ ಬಳಿದು ತೆಳುಹಲಗೆಯನ್ನಿಟ್ಟು, ಅಗಲಬಾಯಿಯ ಸುತ್ತಿಗೆಯಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಬಂದರೆ ಹೆಚ್ಚಿನ ಅಂಟೂ ಗಾಳಿಯೂ ಹೊರಬೀಳುತ್ತವೆ. ಅಷ್ಟರಲ್ಲಿ ಅಂಟು ತಣಿದು ಹಿಡಿದಿರುತ್ತದೆ. ಅಚ್ಚು ಬೇಡ, ಭಾರ ಬೇಡ. ಎಲ್ಲಿಯಾದರೂ ಗುಳ್ಳೆ ಉಳಿದರೆ ಒದ್ದೆಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟು ಮತ್ತೆ ಒತ್ತಬಹುದು. ನೂರು ವರ್ಷದ ಬಳಿಕ ಹೊದಿಕೆ ಹರಿದರೂ ಕಾವು ಕೊಟ್ಟು ಬಿಡಿಸಿ ಹೊಸ ತುಂಡು ಕೂಡಿಸಬಹುದು. ಹಳೆಯ ಸರೇಸಿನ ಮೇಲೆ ಹೊಸ ಸರೇಸು ಕಚ್ಚುತ್ತದೆ. ಇವು ಅದರ ಗುಣಗಳು. ನೀರು ಕಂಡರೆ ಕರಗುವುದು, ತೇವಕ್ಕೆ ಬೂಷ್ಟು ಹಿಡಿಯುವುದು, ಬಿಸಿಯಾಗಿರುವಾಗಲೇ ಅವಸರದಿಂದ ಕೆಲಸ ಮುಗಿಸಬೇಕಾದುದು, ಇವು ದೋಷಗಳು.

ಈ ಅಂಟನ್ನು ಮಾಡಿದವರು ಯಾರು ಎಂಬುದನ್ನು ಕೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಒಂದೇ ತೊಗಲಿಗೆ ಎರಡು ದಾರಿಗಳಿವೆ. ಜಾಲಿಯ ತೊಗಟೆ, ಅಳಲೆಕಾಯಿಗಳ ಒಗರಿನಲ್ಲಿ ಹದ ಮಾಡಿದರೆ ಅದು ಚಪ್ಪಲಿಯಾಗುತ್ತದೆ. ಹದ ಮಾಡದ ಹಸಿತೊಗಲಿನ ಚೂರುಪಾರುಗಳನ್ನು ಬೇಯಿಸಿದರೆ ಅಂಟಾಗುತ್ತದೆ. ಒಗರು ಕುಡಿದ ತೊಗಲು ಸುಲಭವಾಗಿ ಕರಗದು. ಆದ್ದರಿಂದ ಅಂಟಿಗೆ ಬೇಕಾದುದನ್ನು ಹದಕ್ಕೆ ಮುಂಚೆಯೇ ತೆಗೆಯಬೇಕು. ಈ ವಿವೇಕವೆಲ್ಲ ತೊಗಲಿನ ಕೆಲಸದವರದು. ಅಥಣಿ ನಿಪ್ಪಾಣಿಗಳ ಸುತ್ತಲ ಕುಶಲಿಗಳ ಚಪ್ಪಲಿಗೆ 2019ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರಗಳ ಎಂಟು ಜಿಲ್ಲೆಗಳ ಜೊತೆಗೂಡಿದ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ಆದರೆ ಅಂಟಿನಲ್ಲಿ ಅವರ ಹೆಸರಿಲ್ಲ. ಊರ ಹೊರಗೆ ಇರಿಸಿದವರ ಕೈಯಿಂದ ಹುಟ್ಟಿದ ವಸ್ತು ಊರೊಳಗಿನ ಪೆಟ್ಟಿಗೆಗಳನ್ನೂ ಪೀಠಗಳನ್ನೂ ಹಿಡಿದು ನಿಲ್ಲಿಸಿತು. ವಜ್ರವೆಂಬ ದೊಡ್ಡ ಹೆಸರನ್ನು ವಸ್ತುವಿಗೆ ಕೊಟ್ಟೆವು, ಮಾಡಿದವರಿಗೆ ಕೊಡಲಿಲ್ಲ. ಸೋಮೇಶ್ವರನು ತೊಗಲಿನ ಅಂಟಿನ ಕ್ರಮವನ್ನು ಬರೆಸಿದ ಆ ಕಲ್ಯಾಣದಲ್ಲಿಯೇ, ನಾಲ್ಕು ದಶಕ ಕಳೆಯುವುದರೊಳಗೆ, ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮೂಲದ ಮಧುವರಸನ ಮನೆಗೂ ಮದುವೆಯ ನಂಟು ಬೆಳೆಯಿತೆಂದೂ ಅದಕ್ಕಾಗಿ ಇಬ್ಬರೂ ಪ್ರಾಣ ತೆತ್ತರೆಂದೂ ಶರಣ ಪರಂಪರೆ ಹೇಳುತ್ತದೆ. ಮರಕ್ಕೆ ಮರ ಕೂಡಿಸಲು ಯಾರ ಅಡ್ಡಿಯೂ ಇರಲಿಲ್ಲ. ಮನೆಗೆ ಮನೆ ಕೂಡಿಸಲು ಹೋದಾಗ ನಾಡೇ ಹೊತ್ತಿ ಉರಿಯಿತು.

ಇದು ತೊಗಲಿನ ಪ್ರಶ್ನೆಯಾಯಿತು. ಇನ್ನು ಅಹಿಂಸೆಯ ಪ್ರಶ್ನೆ. ಭೋಜದಂಥ ಊರಿನ ವ್ರತನಿಷ್ಠ ಗೃಹಸ್ಥನೊಬ್ಬನು ಶಾಸ್ತ್ರಗ್ರಂಥಗಳನ್ನಿಡುವ ಪೆಟ್ಟಿಗೆಗೆ ಬೀಟೆಯ ಹೊದಿಕೆ ಮಾಡಿಸಬೇಕೆಂದರೆ, ಎಮ್ಮೆತೊಗಲಿನ ಅಂಟಿಗೆ ಒಪ್ಪುವನೇ? ಕೇಳಬೇಕಾದ ಪ್ರಶ್ನೆ ಇದು. ಗಟ್ಟಿತನದ ಲೆಕ್ಕ ಇಲ್ಲಿ ನಡೆಯದು. ಆತನ ಮುಂದೆ ಎರಡು ಹಳೆಯ ದಾರಿಗಳಿವೆ. ಒಂದು ಗಿಡದ ಅಂಟು. ಹುಣಸೆಬೀಜದ ಸರಿ ನಮ್ಮ ನಾಡಿನ ಪ್ರಾಚೀನ ಅಂಟುಗಳಲ್ಲಿ ಒಂದು. ಕುರುಬರು ಕಂಬಳಿಗೆ ಬಿಗಿ ಬರಲೆಂದು ಅದನ್ನು ಹಚ್ಚುತ್ತಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಗೋಣಿಯ ಚೂರು, ಮರದ ಹೊಟ್ಟುಗಳನ್ನು ಹುಣಸೆಬೀಜದ ಸರಿಯಲ್ಲಿ ಕಲಸಿ ಕಿಟ್ಟವೆಂಬ ಮುದ್ದೆ ಮಾಡಿ, ಅದರಿಂದ ಗೊಂಬೆಗಳ ಅಂಗಾಂಗಗಳನ್ನು ಕೂಡಿಸುತ್ತಾರೆ. ಬಣ್ಣ ಹೊದ್ದ ಗೊಂಬೆಗೆ ಇದು ಸಾಕು. ಆದರೆ ನೀರಿನ ಮುಂದೆ ನಿಲ್ಲುವ ಶಕ್ತಿ ಇದಕ್ಕೂ ಇಲ್ಲ.

ಇನ್ನೊಂದು ದಾರಿ ಹಾಲಿನದು. ಸೋಮೇಶ್ವರನ ಕಾಲದ ಆಸುಪಾಸಿನಲ್ಲಿಯೇ, 12ನೆಯ ಶತಮಾನದ ಆರಂಭದಲ್ಲಿ, ಥಿಯೋಫಿಲಸ್ ಎಂಬ ಹೆಸರಿನ ಜರ್ಮನ್ ಸಂನ್ಯಾಸಿಯೊಬ್ಬನು ಕುಶಲಕಲೆಗಳನ್ನು ಕುರಿತು ಲ್ಯಾಟಿನ್ ಗ್ರಂಥವೊಂದನ್ನು ಬರೆದನು. ಮೆತ್ತನೆಯ ಗಿಣ್ಣನ್ನು ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಸುಟ್ಟ ಸುಣ್ಣದೊಡನೆ ಕುಟ್ಟಿದರೆ ಒಂದು ಅಂಟಾಗುತ್ತದೆಂದೂ, ಚರ್ಚಿನ ಹಲಗೆಗಳನ್ನು ಅದರಿಂದ ಕೂಡಿಸಿದರೆ ಒಣಗಿದ ಮೇಲೆ ತೇವಕ್ಕಾಗಲಿ ಕಾವಿಗಾಗಲಿ ಬಿಡುವುದಿಲ್ಲವೆಂದೂ ಆತನು ಹೇಳುತ್ತಾನೆ. ಒಂದೇ ಕಾಲದಲ್ಲಿ ಕಲ್ಯಾಣದ ಅರಸನು ಎಮ್ಮೆಯ ತೊಗಲನ್ನೂ ಜರ್ಮನಿಯ ಸಂನ್ಯಾಸಿಯು ಹಸುವಿನ ಹಾಲನ್ನೂ ಮೆಚ್ಚಿದುದು ವಿನೋದವಾಗಿದೆ. ಥಿಯೋಫಿಲಸನ ಗಿಣ್ಣಿನ ಅಂಟೇ ಮುಂದೆ ಕೇಸೀನ್ ಎಂಬ ಹೆಸರಿನಿಂದ ಕಾರ್ಖಾನೆ ಸೇರಿತು. ಕೊಂದು ಪಡೆಯಬೇಕಾದ ವಸ್ತುವಲ್ಲ, ಕಾಯಿಸಬೇಕಾಗಿಲ್ಲ, ತೇವಕ್ಕೆ ಸರೇಸಿಗಿಂತ ಹೆಚ್ಚು ತಡೆಯುತ್ತದೆ. ಆದರೆ ಕಲಸಿದ ಕೆಲವು ಗಂಟೆಗಳಲ್ಲಿ ಬಳಸಿ ಮುಗಿಸಬೇಕು. ಒಗರು ಹೆಚ್ಚಿರುವ ಮರಕ್ಕೆ ಅದರ ಸುಣ್ಣ ತಗುಲಿದರೆ ಕಪ್ಪು ಕಲೆ ಏಳುತ್ತದೆ. ತೆಳುಹೊದಿಕೆಯಲ್ಲಿ ಆ ಕಲೆ ಒಳಗಿನಿಂದ ಹೊರಕ್ಕೆ ಹಾಯ್ದು ಬರುತ್ತದೆ. ಅಂದ ನೋಡಲೆಂದೇ ಹೊದಿಸುವ ಮರಕ್ಕೆ ಕಲೆ ಬಿದ್ದರೆ ಗಟ್ಟಿತನ ಇದ್ದೇನು ಫಲ?

ಅಂದದ ಮಾತು ಬಂದಾಗ ಮೈಸೂರನ್ನು ನೆನೆಯಲೇಬೇಕು. 1897ರಲ್ಲಿ ಹಳೆಯದು ಸುಟ್ಟ ಮೇಲೆ ಕಟ್ಟಿ 1912ರಲ್ಲಿ ಮುಗಿಸಿದ ಅರಮನೆಯ ಬಾಗಿಲುಗಳಲ್ಲಿ ಬೀಟೆಮರದೊಳಗೆ ದಂತ ಕೂರಿಸಿದ ಕೆಲಸವನ್ನು ವಾಚಕರು ಕಂಡಿರಬಹುದು. ಇದು ಹೊದಿಕೆಯ ಸೋದರ ವಿದ್ಯೆ. ಹೊದಿಕೆಯಲ್ಲಿ ಮರದ ಮೈಯೆಲ್ಲ ಮುಚ್ಚುತ್ತದೆ. ಇಲ್ಲಿ ಮೈಯನ್ನು ಕೆತ್ತಿ ಆ ಕುಳಿಯಲ್ಲಿ ತುಂಡು ಕೂರುತ್ತದೆ. ದಂತ ಹೋಗಿ ಬಣ್ಣಬಣ್ಣದ ಮರದ ತುಂಡುಗಳೂ ಪ್ಲಾಸ್ಟಿಕ್ಕೂ ಬಂದಿವೆ. ಎರಡು ಬಗೆಯ ಮರಗಳು ಒಂದೇ ರೀತಿ ಹಿಗ್ಗುವುದಿಲ್ಲ, ಒಂದೇ ರೀತಿ ಕುಗ್ಗುವುದಿಲ್ಲ. ಆಷಾಢದ ತೇವದಲ್ಲಿ ಒಂದು ಉಬ್ಬಿದಾಗ, ಚೈತ್ರದ ಒಣಗಾಳಿಯಲ್ಲಿ ಇನ್ನೊಂದು ಸೆಟೆದಾಗ, ಎರಡರ ಎಳೆದಾಟವನ್ನೂ ನಡುವಿನ ಅಂಟು ತಾಳಿಕೊಳ್ಳಬೇಕು. ಕೂಡುಕುಟುಂಬದ ಹಿರಿಯಳ ಕೆಲಸದಂತೆ ಇದೂ ಹೊರಗೆ ಕಾಣದ ಕೆಲಸ.

ನೀರಿನ ಪ್ರಶ್ನೆಗೆ ಉತ್ತರ ಬಂದುದು 20ನೆಯ ಶತಮಾನದಲ್ಲಿ, ಅದೂ ಯುದ್ಧದ ಒತ್ತಡದಿಂದ. 1940ರ ನವೆಂಬರಿನಲ್ಲಿ ಮೊದಲು ಹಾರಿದ ಬ್ರಿಟಿಷರ ಮಸ್ಕಿಟೋ ವಿಮಾನದ ಮೈಯೆಲ್ಲ ಮರ: ಹಗುರಾದ ಬಾಲ್ಸಾ ಮರದ ಎರಡೂ ಕಡೆ ಬರ್ಚ್ ಮರದ ತೆಳುಹಲಗೆಗಳು. ಹೊದಿಕೆಯ ಕಲೆಯೇ ಆಕಾಶಕ್ಕೇರಿತೆನ್ನಬೇಕು. ಮೊದಮೊದಲು ಅದನ್ನು ಕೂಡಿಸಿದುದು ಕೇಸೀನಿನಿಂದ, ಎಂದರೆ ಅದೇ ಹಾಲಿನ ಅಂಟಿನಿಂದ. 1944ರ ಕೊನೆಯಲ್ಲಿ ಭಾರತದಲ್ಲಿದ್ದ ಈ ವಿಮಾನಗಳಲ್ಲಿ ಕೆಲವು ಮುರಿದುಬಿದ್ದಾಗ ಉಳಿದುವನ್ನು ನೆಲದ ಮೇಲೆ ನಿಲ್ಲಿಸಿ ತಪಾಸಣೆ ಮಾಡಬೇಕಾಯಿತು. ತಪ್ಪು ನಮ್ಮ ಹವೆಯದೋ, ಅಂಟಿನದೋ, ಕಟ್ಟಿದವರ ಕೈಯದೋ ಎಂದು ವಾದ ನಡೆಯಿತು. ಅಷ್ಟರಲ್ಲಿ ಯೂರಿಯ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡಿದ ಕೃತಕ ರಾಳ ಕೇಸೀನಿನ ಸ್ಥಾನಕ್ಕೆ ಬಂದಿತ್ತು. ಎದುರಾಳಿಗಳಿಗೂ ಇದೇ ಪಾಠವಾಯಿತು. ಜರ್ಮನರ ಟಿಎ 154 ಎಂಬ ಮರದ ವಿಮಾನಕ್ಕೆ ಬೇಕಾದ ಒಳ್ಳೆಯ ಅಂಟನ್ನು ಮಾಡುತ್ತಿದ್ದ ಕಾರ್ಖಾನೆ ಬಾಂಬಿನಿಂದ ಹಾಳಾಯಿತು. ಬದಲಿಗೆ ತಂದ ಅಂಟಿನ ಆಮ್ಲ ಮರವನ್ನೇ ತಿಂದುಹಾಕಿ ವಿಮಾನಗಳು ಗಾಳಿಯಲ್ಲಿ ಕಳಚಿಬಿದ್ದವು. ಗಟ್ಟಿಯಾದುದು ಎಂಬುದಷ್ಟೇ ಸಾಲದು, ಮರಕ್ಕೆ ಒಗ್ಗಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಯುದ್ಧ ಮುಗಿದ ಮೇಲೆ ಆ ರಾಳಗಳು ನಮ್ಮ ಮನೆಗೆ ಬಂದವು. ಪ್ಲೈವುಡ್ ಎಂಬುದು ತೆಳುಹಲಗೆಗಳನ್ನು ಎಳೆ ಅಡ್ಡಡ್ಡವಾಗಿ ಬರುವಂತೆ ಒಂದರ ಮೇಲೊಂದಿಟ್ಟು ಅಂಟಿಸಿದ ಹಲಗೆ. ಹೊದಿಕೆಯ ಮೇಲೆ ಹೊದಿಕೆ. ಇದನ್ನು ಕುರಿತು ಸಂಶೋಧನೆ ನಡೆಸಲು 1962ರಲ್ಲಿ ಬೆಂಗಳೂರಿನಲ್ಲಿ ಪ್ಲೈವುಡ್ ಉದ್ಯಮದವರೂ ಕೇಂದ್ರದ ವಿಜ್ಞಾನ ಪರಿಷತ್ತೂ ಕೂಡಿ ಒಂದು ಸಂಸ್ಥೆಯನ್ನು ತೆರೆದರು. ಭಾರತೀಯ ಮಾನಕಗಳೂ ಹುಟ್ಟಿಕೊಂಡವು. ಪ್ಲೈವುಡ್ಡಿನ ಮೇಲೆ 710 ಎಂಬ ಸಂಖ್ಯೆ ಇದ್ದರೆ ಅದು ನೀರಿನ ಕೆಲಸಕ್ಕೆಂದು ಫೀನಾಲಿನ ರಾಳದಿಂದ ಕೂಡಿಸಿದ್ದೆಂದೂ, 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಪದರ ಬಿಡಬಾರದೆಂದೂ ಅರ್ಥ. 303ರಲ್ಲಿ ಬಗೆಗಳಿವೆ, ಎಂ.ಆರ್. ಎಂದು ಬರೆದದ್ದು ಗಾಳಿಯ ತೇವವನ್ನು ತಡೆದೀತೇ ಹೊರತು ಹೊಳೆಯ ನೀರನ್ನಲ್ಲ. ಅಂಗಡಿಯಲ್ಲಿ ಈ ಎರಡು ಹಲಗೆಗಳನ್ನು ಅಕ್ಕಪಕ್ಕ ಇಟ್ಟರೆ ಬರಿಗಣ್ಣಿಗೆ ಭೇದ ತಿಳಿಯದು. ಭೇದವೆಲ್ಲ ಅಂಟಿನಲ್ಲಿ.

ಬಡಗಿಯ ಕೈಯ ಅಂಟನ್ನು ಬದಲಿಸಿದ ವರ್ಷ 1959. ಆ ವರ್ಷ ಮುಂಬಯಿಯ ಬಲವಂತ ಪಾರೇಖರು ಫೆವಿಕಾಲ್ ಎಂಬ ಬಿಳಿಯ ಅಂಟನ್ನು ಮಾರುಕಟ್ಟೆಗೆ ತಂದರು. ಅದರ ಮೂಲದ್ರವ್ಯವಾದ ಪಾಲಿವಿನೈಲ್ ಅಸಿಟೇಟನ್ನು 1912ರಲ್ಲಿಯೇ ಜರ್ಮನಿಯ ಫ್ರಿಟ್ಸ್ ಕ್ಲಾಟೆ ಕಂಡುಹಿಡಿದಿದ್ದನು. ಒಲೆ ಬೇಡ, ನಾತ ಬೇಡ, ತೊಗಲಿನ ಮಾತೇ ಬೇಡ. ಡಬ್ಬಿಯ ಮುಚ್ಚಳ ತೆಗೆದು ಬಳಿದರಾಯಿತು. ಒಲೆಯ ಮುಂದೆ ಕೂತು ಅಂಟು ಕಾಯಿಸುತ್ತಿದ್ದವನಿಗೆ ಇದು ಬಿಡುಗಡೆಯೇ. ವ್ರತನಿಷ್ಠ ಗೃಹಸ್ಥನ ಸಂಕಟವನ್ನೂ ಇದು ಒಂದೇ ಏಟಿಗೆ ಪರಿಹರಿಸಿತು. ಹಾಗೆಂದು ದೋಷವಿಲ್ಲವೆನ್ನಲಾಗದು. ಒಣಗಿದ ಮೇಲೂ ಅದು ಒಂದಿಷ್ಟು ಮೆತ್ತಗೇ ಉಳಿಯುತ್ತದೆ. ನಿರಂತರ ಎಳೆತಕ್ಕೆ, ಬೇಸಿಗೆಯ ಕಾವಿಗೆ ನಿಧಾನವಾಗಿ ಜರುಗುತ್ತದೆ. ಅದರಲ್ಲಿನ ನೀರಿಗೆ ತೆಳುಹೊದಿಕೆ ಹಿಗ್ಗಿ, ಒಣಗುವಾಗ ಕುಗ್ಗಿ, ಸೀಳು ಬಿಡುವುದುಂಟು. ಆದ್ದರಿಂದ ತೆಳ್ಳಗೆ ಬಳಿದು, ಸಮನಾದ ಭಾರ ಹೇರಿ, ಒಣಗುವವರೆಗೆ ಕಾಯಬೇಕು. ಒತ್ತಿದ ಕೂಡಲೆ ಹಿಡಿಯುವ ರಬ್ಬರಿನ ಅಂಟು ಅವಸರದವರಿಗೆ ಪ್ರಿಯ. ವರ್ಷಗಳು ಉರುಳಿದಂತೆ ಹೊದಿಕೆಯ ಅಂಚು ಏಳುವುದು ಅದರಲ್ಲಿ ಹೆಚ್ಚು.

ಈಗ ಭೋಜದ ಹೊಳೆದಂಡೆಗೆ ಮರಳೋಣ. 2005, 2019, 2021, ಈ ಮೂರು ವರ್ಷಗಳ ಮಹಾಪೂರಗಳನ್ನು ಕೃಷ್ಣಾ ತೀರದ ಜನ ಮರೆತಿಲ್ಲ. ನೀರು ಹೊಕ್ಕ ಮನೆಯಲ್ಲಿ ಅಂಟುಗಳ ಪರೀಕ್ಷೆ ನಿರ್ದಯವಾಗಿ ನಡೆಯುತ್ತದೆ. ಅಜ್ಜನ ಕಾಲದ ಸಾಗವಾನಿಯ ಪೆಟ್ಟಿಗೆಗೆ ಸರೇಸಿನ ಹೊದಿಕೆ ಇದ್ದರೆ ಹೊದಿಕೆ ಬಿಡುತ್ತದೆ, ಪೆಟ್ಟಿಗೆ ಉಳಿಯುತ್ತದೆ; ಒಣಗಿಸಿ ಮತ್ತೆ ಅಂಟಿಸಬಹುದು. ಮದುವೆಗೆಂದು ಸಾಲ ಮಾಡಿ ತಂದ ಅಗ್ಗದ ಹಲಗೆಯ ಕಪಾಟಿನಲ್ಲಿ ಹೊದಿಕೆ ಬಿಡದೆ ಇರಬಹುದು, ಒಳಗಿನ ಹಲಗೆಯೇ ಅರಳಿ ರೊಟ್ಟಿಯಂತೆ ಉಬ್ಬುತ್ತದೆ. ಅದಕ್ಕೆ ಮದ್ದಿಲ್ಲ, ಬೀದಿಗೆ ಎಸೆಯುವುದೇ. ನೀರಿಗೆ ಜಗ್ಗದ ರಾಳದ ಹಲಗೆ ಉಳಿದೀತು, ಆದರೆ ಬೆಲೆ ಹೆಚ್ಚು. ಹೊಳೆದಂಡೆಯ ಬಡವನಿಗೆ ಅತ್ಯಂತ ಅಗತ್ಯವಾದ ಅಂಟು ಅವನ ಕೈಗೆ ಎಟುಕದ ಅಂಟು. ಮಾರುವವನು ಎರಡು ಹಲಗೆಗಳ ಭೇದವನ್ನು ಬಾಯಿಬಿಟ್ಟು ಹೇಳಿದರೆ, ಕೊಳ್ಳುವವನು ಕೇಳಲು ಕಲಿತರೆ, ಕಪಾಟಿನ ಕೆಳಗಿನ ಒಂದು ಮೊಳವನ್ನಾದರೂ ಒಳ್ಳೆಯ ಹಲಗೆಯಿಂದ ಮಾಡಿಸಬಹುದು.

ಇನ್ನು ನಾದದ ಮುಖ. ಮಿರಜದ ಸಿತಾರ ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಬಂತು. ಪಿಟೀಲು ಮಾಡುವವರು ಲೋಕದೆಲ್ಲೆಡೆ ಇಂದಿಗೂ ಸರೇಸನ್ನು ಬಿಟ್ಟಿಲ್ಲ. ಒಣಗಿದಾಗ ಅದು ಗಾಜಿನಂತೆ ಬಿರುಸಾಗಿ, ಕಂಪನವನ್ನು ನುಂಗದೆ ದಾಟಿಸುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ತಂತಿಯ ವಾದ್ಯವನ್ನು ಆಯುಷ್ಯದಲ್ಲಿ ಹಲವು ಸಲ ಬಿಚ್ಚಿ ರಿಪೇರಿ ಮಾಡಬೇಕಾಗುತ್ತದೆ. ಎಂದೂ ಬಿಡದ ಅಂಟಿನಿಂದ ಕೂಡಿಸಿದರೆ ಬಿಚ್ಚುವಾಗ ಒಡೆಯುವುದು ಅಂಟಲ್ಲ, ಮರ. ಹಳೆಯ ಪೆಟ್ಟಿಗೆ, ಪಲ್ಲಕ್ಕಿ, ಮಂಟಪಗಳಿಗೂ ಈ ಮಾತು ಸಲ್ಲುತ್ತದೆ. ಅವುಗಳ ಬಿಟ್ಟ ಹೊದಿಕೆಗೆ ಬಿಳಿಯ ಅಂಟು ಮೆತ್ತಿದರೆ ಅದು ಮರದ ರಂಧ್ರಗಳಲ್ಲಿ ಇಳಿದು ಕೂರುತ್ತದೆ. ಮುಂದೆ ರಿಪೇರಿ ಮಾಡುವವನ ಹೊಸ ಅಂಟು ಕಚ್ಚುವುದಿಲ್ಲ. ಹೆರೆದು ತೆಗೆಯಲು ಹೋದರೆ ಹಳೆಯ ಮರವೇ ಹೋಗುತ್ತದೆ.

ಹಾಗಾದರೆ ಆಯ್ಕೆ ಹೇಗೆ? ಕೊಳ್ಳುವವರೂ ಮಾಡಿಸುವವರೂ ನಾಲ್ಕು ಮಾತುಗಳನ್ನು ಕೇಳಿಕೊಂಡರೆ ಸಾಕು. ನೀರು ತಾಕುವ ಜಾಗವೇ? ಹಾಗಿದ್ದರೆ ಫೀನಾಲಿನ ರಾಳದ ಹಲಗೆ, ಇಲ್ಲವೇ ಅಂಟೇ ಬೇಡದ ಗಟ್ಟಿಮರದ ಜೋಡಣೆ. ಒಣಗಿದ ಕೋಣೆಯ ಹೊಸ ಕಪಾಟೇ? ಬಿಳಿಯ ಅಂಟು, ಒಳ್ಳೆಯ ಭಾರ, ತಾಳ್ಮೆ. ಹಳೆಯ ವಸ್ತುವೇ, ವಾದ್ಯವೇ, ಮುಂದೆ ಬಿಚ್ಚಬೇಕಾದೀತೇ? ಮನೆಯ ನಿಯಮ ಒಪ್ಪುವುದಾದರೆ ಸರೇಸು. ಚಿಕ್ಕ ಮಕ್ಕಳು ಮಲಗುವ, ಗಾಳಿಯಾಡದ ಕೋಣೆಯೇ? ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರಬಲ್ಲದೆಂದು 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ ತೀರ್ಮಾನಿಸಿತು. ಯೂರಿಯದ ರಾಳದ ಹಲಗೆಗಳಿಂದ ಅದು ನಿಧಾನವಾಗಿ ಸೂಸುವುದರಿಂದ, ಕಡಿಮೆ ಸೂಸುವ ಹಲಗೆಯನ್ನು ಕೇಳಿ ಪಡೆಯಬೇಕು, ಕೆಲವು ವಾರ ಕಿಟಕಿ ತೆರೆದಿಡಬೇಕು.

ವರಾಹಮಿಹಿರನು ಕೋಟಿ ವರ್ಷ ಬಾಳುವ ಅಂಟನ್ನು ಬಯಸಿದನು. ಕಲ್ಲಿನ ಗುಡಿಗೆ ಆ ಬಯಕೆ ತಕ್ಕುದು. ಮನೆಯ ಮರಕ್ಕೆ ಅಷ್ಟು ದೊಡ್ಡ ಆಸೆ ಬೇಡ. ಮರ ಹಿಗ್ಗುತ್ತದೆ, ಕುಗ್ಗುತ್ತದೆ, ನೆನೆಯುತ್ತದೆ, ಮುರಿಯುತ್ತದೆ. ಮೊಮ್ಮಗನ ಕಾಲಕ್ಕೆ ಮತ್ತೊಬ್ಬ ಬಡಿಗೇರನ ಕೈಗೆ ಹೋಗುತ್ತದೆ. ಆ ಬಡಿಗೇರನಿಗೂ ಒಂದಿಷ್ಟು ಕೆಲಸಕ್ಕೆ ಎಡೆಯಿಟ್ಟು ಹಿಡಿಯುವ ಅಂಟೇ ಸರಿಯಾದ ಅಂಟು. ಮುಂದಿನ ಸಲ ಕಪಾಟು ಕೊಳ್ಳುವಾಗ ಮರ ಯಾವುದೆಂದು ಕೇಳಿದ ಬಳಿಕ ಇನ್ನೊಂದು ಮಾತನ್ನೂ ಕೇಳಿ: ಅಂಟು ಯಾವುದು? ಅಂಗಡಿಯವನು ಒಂದು ಗಳಿಗೆ ತಬ್ಬಿಬ್ಬಾದಾನು. ಚಿಂತೆಯಿಲ್ಲ, ನಾಲ್ಕು ಜನ ಕೇಳಿದರೆ ಐದನೆಯವನಿಗೆ ಉತ್ತರ ಸಿದ್ಧವಾಗಿರುತ್ತದೆ.